‘ಇರುವವರೆಗೆ’ ಮತ್ತು ‘ಆಗುವವರೆಗೆ’: ಪ್ರೌಢಶಾಲೆಯ ಪ್ರೋಗ್ರಾಮಿಂಗ್ ಪಾಠದಲ್ಲಿ ಕನ್ನಡದ ಅವಧಿಸೂಚಕ ಉಪವಾಕ್ಯಗಳು

ಸಾರಾಂಶ

ಕನ್ನಡ ಮಾಧ್ಯಮದ ಪ್ರೌಢಶಾಲೆಯಲ್ಲಿ ಪ್ರೋಗ್ರಾಮಿಂಗ್ ಕಲಿಸುವಾಗ ಕೀಲಿಪದಗಳು ಇಂಗ್ಲಿಷಿನವಾಗಿದ್ದರೂ ವಿವರಣೆ ನಡೆಯುವುದು ಕನ್ನಡದಲ್ಲಿ. ಲೂಪ್ ರಚನೆಯ ‘ವೈಲ್’ ಮತ್ತು ‘ಅಂಟಿಲ್’ ಎಂಬ ಎರಡು ಕೀಲಿಪದಗಳು ತಾರ್ಕಿಕವಾಗಿ ಪರಸ್ಪರ ವಿರುದ್ಧವಾದವು; ಕನ್ನಡದಲ್ಲಿ ಮಾತ್ರ ಎರಡಕ್ಕೂ ‘-ವರೆಗೆ’ ಎಂಬ ಒಂದೇ ರೂಪ ಸಲ್ಲುತ್ತದೆ. ಇಂಗ್ಲಿಷ್ ಸಂಯೋಜಕ ಪದದಲ್ಲಿ ತೋರಿಸುವ ವ್ಯತ್ಯಾಸವನ್ನು ಕನ್ನಡ ಕ್ರಿಯಾಪದದ ಅವಸ್ಥೆಯಲ್ಲಿ, ಮುಖ್ಯವಾಗಿ ‘ಇರು’ ಮತ್ತು ‘ಆಗು’ಗಳ ಆಯ್ಕೆಯಲ್ಲಿ, ತೋರಿಸುತ್ತದೆ ಎಂಬುದು ನಮ್ಮ ವಾದ. ಪ್ರೋಗ್ರಾಮಿನ ಷರತ್ತಿನಲ್ಲಿ ಕ್ರಿಯಾಪದವೇ ಇಲ್ಲದ ಕಾರಣ ಈ ಆಯ್ಕೆ ವಿವರಿಸುವವರ ಮೇಲೆ ಬೀಳುತ್ತದೆ. ಇದರಿಂದ ಹುಟ್ಟುವ ತಪ್ಪುಗಳನ್ನು ವಿದ್ಯಾರ್ಥಿಯ ತರ್ಕದೋಷವೆಂದು ಎಣಿಸುವುದು ಸರಿಯಲ್ಲವೆಂದು ತೋರಿಸಿ, ತರಗತಿಗೆ ಒಗ್ಗುವ ಪರ್ಯಾಯ ರಚನೆಗಳನ್ನು ಸೂಚಿಸುತ್ತೇವೆ.

ಪ್ರಮುಖ ಪದಗಳು: ಅವಧಿಸೂಚಕ ಉಪವಾಕ್ಯ, ಕ್ರಿಯಾವಸ್ಥೆ, ಕೃದಂತ, ಲೂಪ್, ಕನ್ನಡ ಮಾಧ್ಯಮ, ಪ್ರೋಗ್ರಾಮಿಂಗ್ ಬೋಧನೆ

1. ಪೀಠಿಕೆ

ಎರಡು ಸಾಮಾನ್ಯ ವಾಕ್ಯಗಳಿಂದ ಆರಂಭಿಸೋಣ.

(1) ನಲ್ಲಿಯಲ್ಲಿ ನೀರು ಬರುವವರೆಗೆ ಕಾಯಿ.
(2) ನಲ್ಲಿಯಲ್ಲಿ ನೀರು ಬರುವವರೆಗೆ ಕೊಡ ತುಂಬಿಸುತ್ತಿರು.

ಎರಡರಲ್ಲಿಯೂ ಉಪವಾಕ್ಯ ಅಕ್ಷರಶಃ ಒಂದೇ. ಆದರೆ (1)ರಲ್ಲಿ ನೀರು ಇನ್ನೂ ಬಂದಿಲ್ಲ. ಅದು ಬಂದ ಕ್ಷಣಕ್ಕೆ ಕಾಯುವ ಕೆಲಸ ಮುಗಿಯುತ್ತದೆ. (2)ರಲ್ಲಿ ನೀರು ಬರುತ್ತಿದೆ. ಅದು ನಿಂತ ಕ್ಷಣಕ್ಕೆ ತುಂಬಿಸುವ ಕೆಲಸ ಮುಗಿಯುತ್ತದೆ. ಮೊದಲನೆಯದರಲ್ಲಿ ‘ನೀರು ಬರುವುದು’ ನಿಲ್ಲಿಸುವ ಷರತ್ತು, ಎರಡನೆಯದರಲ್ಲಿ ಅದು ಮುಂದುವರಿಸುವ ಷರತ್ತು. ಮನೆಯಲ್ಲಿ ಈ ಮಾತನ್ನು ಕೇಳಿದ ಯಾರೂ ಗೊಂದಲಕ್ಕೆ ಒಳಗಾಗುವುದಿಲ್ಲ. ಕಾಯುವುದು ಯಾವಾಗ, ತುಂಬಿಸುವುದು ಯಾವಾಗ ಎಂಬ ಲೋಕಜ್ಞಾನ ಅರ್ಥವನ್ನು ಸರಿಪಡಿಸಿಕೊಡುತ್ತದೆ.

ಕಂಪ್ಯೂಟರ್ ಪಾಠದಲ್ಲಿ ಈ ನೆರವು ಸಿಗುವುದಿಲ್ಲ. ಒಂದು ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಲೂಪ್ ಎಂಬ ರಚನೆಯಲ್ಲಿ ಷರತ್ತು ಮುಂದುವರಿಸುವುದಕ್ಕೋ ನಿಲ್ಲಿಸುವುದಕ್ಕೋ ಎಂಬುದನ್ನು ಕೀಲಿಪದವೊಂದೇ ನಿರ್ಧರಿಸುತ್ತದೆ. ‘ವೈಲ್’ ಎಂದರೆ ಷರತ್ತು ನಿಜವಾಗಿರುವಷ್ಟು ಕಾಲ ಮಾಡು. ‘ಅಂಟಿಲ್’ ಎಂದರೆ ಷರತ್ತು ನಿಜವಾದೊಡನೆ ನಿಲ್ಲಿಸು. ಒಂದರ ಜಾಗದಲ್ಲಿ ಇನ್ನೊಂದು ಬಂದರೆ ಪ್ರೋಗ್ರಾಮ್ ಪೂರ್ತಿ ತಲೆಕೆಳಗಾಗುತ್ತದೆ. ಕನ್ನಡದಲ್ಲಿ ವಿವರಿಸುವಾಗ ಎರಡಕ್ಕೂ ಸಹಜವಾಗಿ ಬಾಯಿಗೆ ಬರುವುದು ‘-ವರೆಗೆ’.

ಈ ಲೇಖನ ಪ್ರಯೋಗದ ವರದಿಯಲ್ಲ, ಭಾಷಾ ವಿಶ್ಲೇಷಣೆ. ಉದಾಹರಣೆಗಳ ಸ್ವೀಕಾರಾರ್ಹತೆಯ ತೀರ್ಮಾನಗಳು ನಮ್ಮವು. ಅವು ಬರವಣಿಗೆಯ ಶಿಷ್ಟ ಕನ್ನಡಕ್ಕೆ ಸಂಬಂಧಿಸಿದವು. ಪ್ರೋಗ್ರಾಮಿನ ಸಾಲುಗಳನ್ನು ಓದಿನ ಅನುಕೂಲಕ್ಕಾಗಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇವೆ.

2. ಹಿನ್ನೆಲೆ

ಭಾರತದ ಶಾಲೆಗಳಿಗೆ ಕಂಪ್ಯೂಟರ್ ಬಂದದ್ದು ಇತ್ತೀಚೆಗಲ್ಲ. 1984ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಕ್ಲಾಸ್’ ಯೋಜನೆ ಬಿಬಿಸಿ ಮೈಕ್ರೋ ಯಂತ್ರಗಳನ್ನು ಶಾಲೆಗಳಿಗೆ ಒದಗಿಸಿತು. ಕರ್ನಾಟಕದಲ್ಲಿ ಈ ಶತಮಾನದ ಆರಂಭದ ವರ್ಷಗಳ ‘ಮಾಹಿತಿ ಸಿಂಧು’ ಯೋಜನೆ ಸರ್ಕಾರಿ ಪ್ರೌಢಶಾಲೆಗಳಲ್ಲಿ ಕಂಪ್ಯೂಟರ್ ಕೊಠಡಿಗಳನ್ನು ತೆರೆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೋಡಿಂಗ್ ಚಟುವಟಿಕೆಗಳನ್ನು ಮಾಧ್ಯಮಿಕ ಪೂರ್ವದ ಮಧ್ಯಮ ಹಂತದಲ್ಲಿಯೇ ಪರಿಚಯಿಸಬೇಕೆಂದು ಹೇಳುತ್ತದೆ; ಅದೇ ನೀತಿ ಮಾತೃಭಾಷೆಯ ಶಿಕ್ಷಣಕ್ಕೂ ಒತ್ತು ಕೊಡುತ್ತದೆ. ಈ ಎರಡು ಆಶಯಗಳು ಒಂದೇ ತರಗತಿಯಲ್ಲಿ ಸೇರಿದಾಗ ಏನಾಗುತ್ತದೆ ಎಂಬುದು ಭಾಷಾವಿಜ್ಞಾನದ ಪ್ರಶ್ನೆಯೂ ಹೌದು.

ಮಕ್ಕಳು ಕಲಿಯುವ ಎರಡು ಸಾಧನಗಳ ನಡುವಿನ ವ್ಯತ್ಯಾಸವನ್ನು ಇಲ್ಲಿ ಗಮನಿಸಬೇಕು. ಕಿರಿಯ ತರಗತಿಗಳಲ್ಲಿ ಪ್ರಚಲಿತವಾಗಿರುವ, 2007ರಲ್ಲಿ ಎಂಐಟಿ ಬಿಡುಗಡೆ ಮಾಡಿದ ಸ್ಕ್ರ್ಯಾಚ್‌ನಲ್ಲಿ ಷರತ್ತುಬದ್ಧ ಲೂಪಿಗೆ ಇರುವ ಬ್ಲಾಕು ‘ರಿಪೀಟ್ ಅಂಟಿಲ್’. ಅದರ ಸಾಮಾನ್ಯ ಪಟ್ಟಿಯಲ್ಲಿ ‘ವೈಲ್’ ಇಲ್ಲ. ಎನ್‌ಸಿಇಆರ್‌ಟಿಯ ಹನ್ನೊಂದನೆಯ ತರಗತಿಯ ಕಂಪ್ಯೂಟರ್ ವಿಜ್ಞಾನ ಪಠ್ಯದಲ್ಲಿರುವುದು ಪೈಥಾನ್. ಪೈಥಾನ್‌ನಲ್ಲಿ ‘ವೈಲ್’ ಇದೆ, ‘ಅಂಟಿಲ್’ ಇಲ್ಲ. 1970ರ ಪ್ಯಾಸ್ಕಲ್ ಭಾಷೆಯಲ್ಲಿ ಎರಡೂ ಇದ್ದವು, ಹೋಲಿಸಿ ಕಲಿಸಲು ಅವಕಾಶವಿತ್ತು. ಇಂದಿನ ವಿದ್ಯಾರ್ಥಿ ಸ್ಕ್ರ್ಯಾಚ್‌ನಿಂದ ಪೈಥಾನ್‌ಗೆ ದಾಟುವಾಗ ಪ್ರತಿಯೊಂದು ಷರತ್ತನ್ನೂ ತಿರುಗಿಸಿ ಬರೆಯಬೇಕು. ಎರಡೂ ಕಡೆ ಅವನು ಕೇಳಿದ ಕನ್ನಡ ‘-ವರೆಗೆ’ ಎಂದಾಗಿದ್ದರೆ, ತಿರುಗಿಸಬೇಕೆಂಬ ಸೂಚನೆಯೇ ಅವನಿಗೆ ದೊರೆತಿರುವುದಿಲ್ಲ.

ಹೊಸಬರ ಪ್ರೋಗ್ರಾಮಿಂಗ್ ತಪ್ಪುಗಳಿಗೂ ಸಹಜಭಾಷೆಗೂ ಸಂಬಂಧವಿದೆ ಎಂಬುದು ಹೊಸ ವಿಚಾರವಲ್ಲ. ಬೋನಾರ್ ಮತ್ತು ಸೊಲೊವೆ 1985ರಲ್ಲಿ, ಪ್ರೋಗ್ರಾಮಿಂಗಿಗೆ ಮುಂಚಿನ ಹಂತಹಂತದ ಸಹಜಭಾಷಾ ಜ್ಞಾನವೇ ತಪ್ಪುಗ್ರಹಿಕೆಗಳ ದೊಡ್ಡ ಮೂಲವೆಂದು ವಾದಿಸಿದರು. ಪೇನ್, ರತನಮಹಾತನ ಮತ್ತು ಮೈಯರ್ಸ್ 2001ರಲ್ಲಿ, ಪ್ರೋಗ್ರಾಮಿಂಗ್ ಅರಿಯದವರು ಬರೆದ ಪರಿಹಾರಗಳ ಭಾಷೆಯನ್ನು ಪರಿಶೀಲಿಸಿದರು. ಸ್ಟೆಫಿಕ್ ಮತ್ತು ಸೀಬರ್ಟ್ 2013ರಲ್ಲಿ, ಕೀಲಿಪದಗಳ ಆಯ್ಕೆಯೇ ಹೊಸಬರ ಕಲಿಕೆಯನ್ನು ಬಾಧಿಸುತ್ತದೆಂದು ತೋರಿಸಿದರು. ದಾಸ್‌ಗುಪ್ತಾ ಮತ್ತು ಹಿಲ್ 2017ರಲ್ಲಿ, ಸ್ಕ್ರ್ಯಾಚನ್ನು ತಮ್ಮ ಭಾಷೆಯಲ್ಲಿ ಬಳಸುವವರು ಹೊಸ ರಚನೆಗಳನ್ನು ಹೆಚ್ಚು ಬೇಗ ಕೈಗೆತ್ತಿಕೊಳ್ಳುತ್ತಾರೆಂದು ವರದಿ ಮಾಡಿದರು.

ಇವುಗಳ ಜೊತೆಗೆ ರಾಯ್ ಪೀ ಅವರ 1986ರ ಪ್ರಸಿದ್ಧ ಲೇಖನವನ್ನೂ ನೆನೆಯಬೇಕು. ಅವರು ‘ಭಾಷೆಗೆ ಅತೀತವಾದ’ ಪರಿಕಲ್ಪನಾ ದೋಷಗಳನ್ನು ಗುರುತಿಸಿದರು: ಯಂತ್ರದೊಳಗೆ ತನ್ನ ಮಾತನ್ನು ಅರ್ಥಮಾಡಿಕೊಳ್ಳುವ ಮನಸ್ಸೊಂದಿದೆ ಎಂದು ಹೊಸಬರು ಭಾವಿಸುತ್ತಾರೆ ಎಂಬುದು ಅವುಗಳ ಮೂಲ. ಪೀ ಅವರ ‘ಭಾಷೆ’ ಪ್ರೋಗ್ರಾಮಿಂಗ್ ಭಾಷೆ. ಕಲಿಯುವವರ ಮನೆಮಾತು ಬದಲಾದರೆ ದೋಷಗಳ ಸ್ವರೂಪ ಬದಲಾಗುತ್ತದೆಯೇ ಎಂಬ ಪ್ರಶ್ನೆ ಅಲ್ಲಿ ತೆರೆದೇ ಉಳಿಯುತ್ತದೆ. ನಮ್ಮ ಚರ್ಚೆ ಆ ತೆರವಿಗೆ ಸಂಬಂಧಿಸಿದ್ದು.

3. ‘-ವರೆಗೆ’ ಏನನ್ನು ಹೇಳುತ್ತದೆ

‘ವರೆ’ ಎಂದರೆ ಎಲ್ಲೆ. ‘-ವರೆಗೆ’ ನಾಮಪದದೊಡನೆ ಸೇರಿದಾಗ ಸ್ಥಳದ ಅಥವಾ ಕಾಲದ ಎಲ್ಲೆಯನ್ನು ಸೂಚಿಸುತ್ತದೆ: ‘ಕೆರೆಯವರೆಗೆ’, ‘ಸಂಜೆಯವರೆಗೆ’. ಉಪವಾಕ್ಯದೊಡನೆ ಸೇರುವಾಗ ಅದಕ್ಕೆ ‘ಬರುವ’, ‘ಇರುವ’ ಮುಂತಾದ ಭೂತೇತರ ಕೃದಂತ ರೂಪ ಬೇಕು. ಈ ರೂಪ ಮುಂದೆ ನಡೆಯಲಿರುವುದನ್ನೂ ಈಗ ನಡೆಯುತ್ತಿರುವುದನ್ನೂ ಸಮಾನವಾಗಿ ಸೂಚಿಸಬಲ್ಲದು. (1) ಮತ್ತು (2)ರ ದ್ವಂದ್ವಾರ್ಥಕ್ಕೆ ಇದು ಮೊದಲ ಕಾರಣ. ಎರಡನೆಯ ಕಾರಣ ಕ್ರಿಯೆಯ ಒಳರಚನೆಯಲ್ಲಿದೆ. ಕೆಳಗಿನ ಜೋಡಿಯನ್ನು ನೋಡಬಹುದು.

(3) ಮಗು ಮಲಗುವವರೆಗೆ ತೊಟ್ಟಿಲು ತೂಗು.
(4) ಮಗು ಮಲಗಿರುವವರೆಗೆ ಸದ್ದು ಮಾಡಬೇಡ.

(3)ರಲ್ಲಿ ‘ಮಲಗು’ ಒಂದು ಕ್ಷಣದ ಪರಿವರ್ತನೆ. ಎಚ್ಚರದಿಂದ ನಿದ್ರೆಗೆ ದಾಟುವ ಆ ಬಿಂದುವೇ ಎಲ್ಲೆ. (4)ರಲ್ಲಿ ‘ಇರು’ ಸೇರಿ ಅದು ಸ್ಥಿತಿಯಾಗಿದೆ. ಸ್ಥಿತಿ ಕೊನೆಗೊಳ್ಳುವ ಬಿಂದು ಎಲ್ಲೆ. ವೆಂಡ್ಲರ್ 1957ರಲ್ಲಿ ಮಾಡಿದ ಕ್ರಿಯಾವಿಭಾಗವನ್ನು ಬಳಸಿ ಹೇಳುವುದಾದರೆ, ಕ್ಷಣಸಿದ್ಧಿಯ ಕ್ರಿಯೆಗಳೊಡನೆ ‘-ವರೆಗೆ’ ನಿಲ್ಲಿಸುವ ಷರತ್ತನ್ನು ಕೊಡುತ್ತದೆ, ಸ್ಥಿತಿಗಳೊಡನೆ ಮುಂದುವರಿಸುವ ಷರತ್ತನ್ನು ಕೊಡುತ್ತದೆ. ದೀರ್ಘಸಿದ್ಧಿಯ ಕ್ರಿಯೆಗಳಲ್ಲಿ ಎಲ್ಲೆ ಮತ್ತೆ ಕೊನೆಯಲ್ಲಿಯೇ ಬೀಳುತ್ತದೆ: ‘ಅವರು ಊಟ ಮಾಡುವವರೆಗೆ ಕಾಯಿ’ ಎಂದರೆ ಊಟ ಆರಂಭವಾಗುವವರೆಗೆ ಎಂದಲ್ಲ, ಮುಗಿಯುವವರೆಗೆ ಎಂದು.

ಹೀಗೆ ನೋಡಿದರೆ ‘-ವರೆಗೆ’ಗೆ ಎರಡು ಅರ್ಥಗಳಿವೆ ಎನ್ನಬೇಕಾಗಿಲ್ಲ. ಉಪವಾಕ್ಯದ ಕ್ರಿಯೆಯ ಕೊನೆಯ ಅಂಚನ್ನು ಮುಖ್ಯವಾಕ್ಯದ ಕ್ರಿಯೆಗೆ ಎಲ್ಲೆಯಾಗಿ ಕೊಡುವುದಷ್ಟೇ ಅದರ ಕೆಲಸ. ಕ್ಷಣಸಿದ್ಧಿಯಲ್ಲಿ ಆದಿ ಮತ್ತು ಅಂತ್ಯ ಒಂದೇ ಬಿಂದು. ಸ್ಥಿತಿಯಲ್ಲಿ ಅಂತ್ಯ ದೂರದಲ್ಲಿದೆ. ಕ್ರಿಯಾಪದವೇ ಎರಡು ಬಗೆಯಾಗಿ ಒದಗಿದಾಗ ಮಾತ್ರ ವಾಕ್ಯ ಇಬ್ಬಗೆಯಾಗುತ್ತದೆ. ‘ಉರಿ’ ಅಂಥದು:

(5) ಒಲೆ ಉರಿಯುವವರೆಗೆ ಊದು.
(6) ದೀಪ ಉರಿಯುವವರೆಗೆ ಓದು.

(5)ರಲ್ಲಿ ‘ಉರಿ’ ಎಂದರೆ ಹೊತ್ತಿಕೊಳ್ಳುವ ಕ್ಷಣ, (6)ರಲ್ಲಿ ಉರಿಯುತ್ತಿರುವ ಅವಧಿ. (1) ಮತ್ತು (2)ರ ‘ಬರು’ ಕೂಡ ಇದೇ ರೀತಿಯದು: ನೀರಿನ ಆಗಮನ, ನೀರಿನ ಹರಿವು. ದ್ವಂದ್ವಾರ್ಥ ಪ್ರತ್ಯಯದ್ದಲ್ಲ, ಕ್ರಿಯಾಪದದ್ದು. ‘-ವರೆಗೆ’ಯ ಜಾಗದಲ್ಲಿ ‘ತನಕ’ ಬಳಸಿದರೂ ಈ ವಿಶ್ಲೇಷಣೆ ಬದಲಾಗುವುದಿಲ್ಲ.

ಇಂಗ್ಲಿಷಿನ ‘ಅಂಟಿಲ್’ ಕೂಡ ಸರಳವಲ್ಲ. ಅದಕ್ಕೆ ಅವಧಿಯ ಅರ್ಥ, ಕ್ಷಣದ ಅರ್ಥ ಎಂಬ ಎರಡಿವೆಯೆಂದು ಕಾರ್ಟ್ಟುನೆನ್ 1974ರಲ್ಲಿ ವಾದಿಸಿದ ಮೇಲೆ ಆ ಚರ್ಚೆ ಇನ್ನೂ ಮುಗಿದಿಲ್ಲ. ಆದರೆ ಅಲ್ಲಿನ ಇಬ್ಬಗೆ ಮುಖ್ಯವಾಕ್ಯದ ನಿಷೇಧಕ್ಕೆ ಸಂಬಂಧಿಸಿದ್ದು. ಷರತ್ತು ನಿಲ್ಲಿಸುವುದಕ್ಕೋ ಮುಂದುವರಿಸುವುದಕ್ಕೋ ಎಂಬ ವಿಷಯದಲ್ಲಿ ಇಂಗ್ಲಿಷ್ ಎರಡು ಬೇರೆ ಪದಗಳನ್ನು ಇಟ್ಟುಕೊಂಡಿದೆ. ಪ್ರೋಗ್ರಾಮಿಂಗ್ ಭಾಷೆಗಳು ಆ ಎರಡು ಪದಗಳನ್ನೇ ಎರವಲು ಪಡೆದವು.

4. ಷರತ್ತಿಗೆ ಕ್ರಿಯಾಪದ ಸೇರುವ ಘಟ್ಟ

ಈಗ ಪೈಥಾನ್‌ನ ಒಂದು ಸಾಲನ್ನು ತೆಗೆದುಕೊಳ್ಳೋಣ.

(7) ವೈಲ್ ಎಣಿಕೆ < 5:

ಷರತ್ತಿನ ಭಾಗವನ್ನು ಕನ್ನಡದಲ್ಲಿ ಓದಿದರೆ ‘ಎಣಿಕೆ ಐದಕ್ಕಿಂತ ಕಡಿಮೆ’ ಎಂದಾಗುತ್ತದೆ. ಇದು ಪೂರ್ಣವಾದ ಕನ್ನಡ ವಾಕ್ಯ. ನಾಮಪದವೇ ವಿಧೇಯವಾದ ಇಂಥ ವಾಕ್ಯಗಳಿಗೆ ಕನ್ನಡದಲ್ಲಿ ಕ್ರಿಯಾಪದ ಬೇಕಿಲ್ಲ. ಗಣಿತದ ಸಂಬಂಧಗಳು ಕಾಲಾತೀತವಾದ್ದರಿಂದ ಅವುಗಳನ್ನು ಹೇಳಲು ಈ ರಚನೆ ಬಹಳ ಒಗ್ಗುತ್ತದೆ.

ತೊಡಕು ಶುರುವಾಗುವುದು ಈ ವಾಕ್ಯವನ್ನು ಲೂಪಿನೊಳಗೆ ಸೇರಿಸುವಾಗ. ‘-ವರೆಗೆ’ಗೆ ಕೃದಂತ ಬೇಕು, ಕೃದಂತಕ್ಕೆ ಧಾತು ಬೇಕು. ಮೂಲದಲ್ಲಿ ಇಲ್ಲದ ಧಾತುವೊಂದನ್ನು ವಿವರಿಸುವವರು ಹೊರಗಿನಿಂದ ತರಬೇಕು. ಕನ್ನಡದಲ್ಲಿ ಅದಕ್ಕೆ ಸಿದ್ಧವಾಗಿರುವವು ಎರಡು: ‘ಇರು’ ಮತ್ತು ‘ಆಗು’.

(8) ಎಣಿಕೆ ಐದಕ್ಕಿಂತ ಕಡಿಮೆ ಇರುವವರೆಗೆ ಇದನ್ನು ಮಾಡು.
(9) ಎಣಿಕೆ ಐದಕ್ಕಿಂತ ಕಡಿಮೆ ಆಗುವವರೆಗೆ ಇದನ್ನು ಮಾಡು.

‘ಇರು’ ಸ್ಥಿತಿ, ‘ಆಗು’ ಪರಿವರ್ತನೆ. ಮೂರನೆಯ ಭಾಗದಲ್ಲಿ ಕಂಡ ನಿಯಮದಂತೆ (8) ‘ವೈಲ್’ ಆಗುತ್ತದೆ, (9) ‘ಅಂಟಿಲ್’ ಆಗುತ್ತದೆ. ಎಣಿಕೆ 1ರಿಂದ ಆರಂಭವಾಗಿ ಏರುತ್ತಾ ಹೋಗುವುದಾದರೆ (8)ರ ಪ್ರಕಾರ ಲೂಪ್ ನಡೆಯುತ್ತದೆ. (9)ರ ಪ್ರಕಾರ ಆರಂಭದಲ್ಲಿಯೇ ನಿಲ್ಲುವ ಷರತ್ತು ಪೂರೈಸಿರುವುದರಿಂದ ಒಂದು ಸುತ್ತೂ ನಡೆಯುವುದಿಲ್ಲ. ಇಂಗ್ಲಿಷಿನಲ್ಲಿ ‘ವೈಲ್’ ಮತ್ತು ‘ಅಂಟಿಲ್’ ನಡುವೆ ಇರುವ ದೂರ ಕನ್ನಡದಲ್ಲಿ ಒಂದು ಸಹಾಯಕ ಧಾತುವಿನ ದೂರ. ‘ಆಗಿರುವವರೆಗೆ’ ಮತ್ತು ‘ಆಗುವವರೆಗೆ’ ಎಂಬ ರೂಪಗಳಲ್ಲಿ ಅದು ಇನ್ನೂ ಕಿರಿದು. ವೇಗದ ಮಾತಿನಲ್ಲಿ ಕಿವಿಗೆ ತಪ್ಪುವಷ್ಟು ಕಿರಿದು.

ಸಮಾನತೆಯ ಷರತ್ತುಗಳಲ್ಲಿ ಸಮಸ್ಯೆ ತೀವ್ರವಾಗುತ್ತದೆ. ಗುಟ್ಟಾಗಿಟ್ಟ ಸಂಖ್ಯೆಯನ್ನು ಊಹಿಸುವ ಆಟ ಪ್ರಾರಂಭಿಕ ಪಾಠಗಳಲ್ಲಿ ಸಾಮಾನ್ಯ. ಅದರ ಕ್ರಮವನ್ನು ಕನ್ನಡದಲ್ಲಿ ಹೇಳುವ ಸಹಜ ರೀತಿ ಇದು:

(10) ಊಹೆ ಗುಟ್ಟಿಗೆ ಸಮವಾಗುವವರೆಗೆ ಮತ್ತೆ ಮತ್ತೆ ಕೇಳು.

ವಾಕ್ಯ ಸ್ಪಷ್ಟವಾಗಿದೆ, ತರ್ಕವೂ ನಿರ್ದುಷ್ಟವಾಗಿದೆ. ಈಗ ವಿದ್ಯಾರ್ಥಿ ‘-ವರೆಗೆ’ ಎಂದರೆ ‘ವೈಲ್’ ಎಂದು ಕಲಿತಿದ್ದಾನೆ ಎಂದಿಟ್ಟುಕೊಳ್ಳೋಣ. ಅವನು ಬರೆಯುವ ಸಾಲು ಹೀಗಿರುತ್ತದೆ:

(11) ವೈಲ್ ಊಹೆ == ಗುಟ್ಟು:

ಮೊದಲ ಊಹೆ ತಪ್ಪಾಗಿದ್ದರೆ ಈ ಲೂಪ್ ಒಮ್ಮೆಯೂ ಕೇಳುವುದಿಲ್ಲ. ಸರಿಯಾಗಿದ್ದರೆ ಮಾತ್ರ ಮತ್ತೆ ಕೇಳುತ್ತದೆ. ಬೇಕಾಗಿದ್ದದ್ದು ‘ವೈಲ್ ಊಹೆ != ಗುಟ್ಟು’. ಅದನ್ನು ‘-ವರೆಗೆ’ ರಚನೆಯಲ್ಲಿಯೇ ಹೇಳಬೇಕಾದರೆ ‘ಊಹೆ ಗುಟ್ಟಿಗೆ ಸಮವಲ್ಲದಿರುವವರೆಗೆ’ ಎನ್ನಬೇಕು. ಯಾವ ಕನ್ನಡಿಗನೂ ಪ್ರೇರಣೆಯಿಲ್ಲದೆ ಹೀಗೆ ಹೇಳಲಾರ.

(11)ನ್ನು ಬರೆದ ಉತ್ತರಪತ್ರಿಕೆಯ ಮೌಲ್ಯಮಾಪನ ಹೇಗೆ ನಡೆಯುತ್ತದೆಂದು ಯೋಚಿಸಬೇಕು. ಸಮ ಮತ್ತು ಅಸಮಗಳ ವ್ಯತ್ಯಾಸ ಗೊತ್ತಿಲ್ಲ, ತಾರ್ಕಿಕ ಆಲೋಚನೆ ಸಾಲದು ಎಂಬ ತೀರ್ಮಾನ ಸುಲಭ. ವಾಸ್ತವದಲ್ಲಿ ಆ ವಿದ್ಯಾರ್ಥಿ ತನ್ನ ಭಾಷೆಯಲ್ಲಿ ಸರಿಯಾಗಿ ಆಲೋಚಿಸಿದ್ದಾನೆ, ಕಲಿಸಿದ ಅನುವಾದವನ್ನು ನಿಷ್ಠೆಯಿಂದ ಅನ್ವಯಿಸಿದ್ದಾನೆ. ತಪ್ಪಿರುವುದು ಅನುವಾದದ ಸಮೀಕರಣದಲ್ಲಿ. ತರ್ಕದ ಪರೀಕ್ಷೆ ಎಂದುಕೊಂಡದ್ದು ಇಲ್ಲಿ ಅರಿವಿಲ್ಲದೆ ಇಂಗ್ಲಿಷ್ ಸಂಯೋಜಕಗಳ ಪರೀಕ್ಷೆಯಾಗಿದೆ. ಕನ್ನಡ ಮಾಧ್ಯಮದಿಂದ ಪದವಿಪೂರ್ವ ವಿಜ್ಞಾನಕ್ಕೆ, ಅಂದರೆ ಬಹುಮಟ್ಟಿಗೆ ಇಂಗ್ಲಿಷ್ ಮಾಧ್ಯಮಕ್ಕೆ, ಹೋಗುವ ಮಕ್ಕಳು ‘ಕಂಪ್ಯೂಟರ್ ನಮ್ಮಂಥವರಿಗಲ್ಲ’ ಎಂದು ನಂಬಲು ಇಂತಹ ಕೆಲವು ಕೆಂಪು ಗೆರೆಗಳು ಸಾಕು.

5. ಯಾವುದು ಕನ್ನಡದ್ದು, ಯಾವುದು ಎಲ್ಲರದು

ಲೂಪಿನ ಎಲ್ಲ ತಪ್ಪುಗಳನ್ನೂ ಕನ್ನಡದ ತಲೆಗೆ ಕಟ್ಟುವುದು ತರವಲ್ಲ. ಬೋನಾರ್ ಮತ್ತು ಸೊಲೊವೆ ಗುರುತಿಸಿದ ಒಂದು ತಪ್ಪುಗ್ರಹಿಕೆ ಇಂಗ್ಲಿಷ್ ಮಾತಾಡುವ ಹೊಸಬರದೇ. ಈ ತುಣುಕನ್ನು ನೋಡೋಣ:

(12) ಎಣಿಕೆ = 1
ವೈಲ್ ಎಣಿಕೆ < 5:
    ಎಣಿಕೆ = ಎಣಿಕೆ + 2
    ಪ್ರಿಂಟ್(ಎಣಿಕೆ)

ಇದು 3 ಮತ್ತು 5ನ್ನು ಮುದ್ರಿಸುತ್ತದೆ. ಷರತ್ತಿನ ಪರೀಕ್ಷೆ ಪ್ರತಿ ಸುತ್ತಿನ ಆರಂಭದಲ್ಲಿ ಮಾತ್ರ ನಡೆಯುವುದರಿಂದ, ಎಣಿಕೆ 5 ಆದ ಮೇಲೂ ಆ ಸುತ್ತಿನ ಮುದ್ರಣ ಪೂರ್ಣಗೊಳ್ಳುತ್ತದೆ. ಆದರೆ ಇಂಗ್ಲಿಷಿನ ‘ವೈಲ್’ ದಿನಬಳಕೆಯಲ್ಲಿ ಎಡೆಬಿಡದ ಕಾವಲನ್ನು ಸೂಚಿಸುತ್ತದೆ; ಷರತ್ತು ಮುರಿದ ಕ್ಷಣವೇ ಕೆಲಸ ನಿಲ್ಲಬೇಕೆಂದು ಹೊಸಬರು ಭಾವಿಸುತ್ತಾರೆ. ಆಗ ಅವರ ಉತ್ತರ 3 ಮಾತ್ರ. ಕನ್ನಡದ ‘-ವರೆಗೆ’ಯೂ ಇಂಥದೇ ಕಾವಲನ್ನು ಸೂಚಿಸುವುದರಿಂದ ಈ ತಪ್ಪು ಕನ್ನಡ ಮಾತಾಡುವವರಲ್ಲಿಯೂ ನಿರೀಕ್ಷಿತ. ಯಂತ್ರದ ಹಂತಹಂತದ ನಡೆ ಯಾವ ಸಹಜಭಾಷೆಯ ಸಂಯೋಜಕದಲ್ಲಿಯೂ ಅಡಗಿಲ್ಲ.

ಆದ್ದರಿಂದ ಎರಡು ಬಗೆಯ ತಪ್ಪುಗಳನ್ನು ಬೇರ್ಪಡಿಸಬೇಕು. ಪರೀಕ್ಷೆ ಯಾವಾಗ ನಡೆಯುತ್ತದೆ ಎಂಬುದರ ತಪ್ಪು ಭಾಷೆಗಳನ್ನು ಮೀರಿದ್ದು. ಪರೀಕ್ಷೆಯ ದಿಕ್ಕು ಯಾವುದು ಎಂಬುದರ ತಪ್ಪು ಮಾತ್ರ ನಮ್ಮ ವಿಶ್ಲೇಷಣೆಯ ಪ್ರಕಾರ ‘-ವರೆಗೆ’ಯಂಥ ರೂಪವಿರುವ ಭಾಷೆಗಳಲ್ಲಿ ವಿಶೇಷವಾಗಿ ನಿರೀಕ್ಷಿತ. ಉತ್ತರಪತ್ರಿಕೆಯಲ್ಲಿ ಎರಡೂ ‘ಲೂಪ್ ತಪ್ಪು’ ಎಂಬ ಒಂದೇ ಹೆಸರಿನಲ್ಲಿ ಸೇರಿಹೋಗುತ್ತವೆ.

ಸಂಖ್ಯೆಗಳ ಸಾಲಿನಲ್ಲಿ ‘-ವರೆಗೆ’ ಇನ್ನೊಂದು ಚಿಕ್ಕ ತೊಡಕನ್ನು ತರುತ್ತದೆ. ‘1ರಿಂದ 10ರವರೆಗೆ’ ಎಂದರೆ ಕನ್ನಡದಲ್ಲಿ 10 ಸೇರಿದೆ; ‘ಸೋಮವಾರದಿಂದ ಶುಕ್ರವಾರದವರೆಗೆ ರಜೆ’ ಎಂದರೆ ಶುಕ್ರವಾರವೂ ರಜೆ. ಪೈಥಾನ್‌ನ ‘ರೇಂಜ್(1, 10)’ 9ಕ್ಕೆ ನಿಲ್ಲುತ್ತದೆ. ಕೊನೆಯ ಅಂಕಿಯನ್ನು ಹೊರಗಿಡುವ ಈ ಪದ್ಧತಿಯ ಅನುಕೂಲಗಳನ್ನು ಡೈಕ್‌ಸ್ಟ್ರಾ 1982ರ ಒಂದು ಟಿಪ್ಪಣಿಯಲ್ಲಿ ಸಮರ್ಥಿಸಿದ್ದಾರೆ. ಕನ್ನಡದಲ್ಲಿಯೂ ಎಲ್ಲೆ ಯಾವಾಗಲೂ ಒಳಗೇ ಸೇರುವುದಿಲ್ಲ: ‘ಐದು ಗಂಟೆಯವರೆಗೆ ತರಗತಿ’ ಎಂದರೆ ಐದರಿಂದ ಆರರ ಗಂಟೆ ಸೇರುವುದಿಲ್ಲ. ವಾರ ಒಂದು ಅವಧಿ, ಗಂಟೆ ಒಂದು ಬಿಂದು; ಅವಧಿ ಎಲ್ಲೆಯಾದರೆ ಒಳಗೆ ಸೇರುತ್ತದೆ, ಬಿಂದು ಎಲ್ಲೆಯಾದರೆ ಗಡಿಕಲ್ಲಿನಂತೆ ನಿಲ್ಲುತ್ತದೆ. ‘ರೇಂಜ್’ನಲ್ಲಿ 10 ಗಡಿಕಲ್ಲು ಎಂದು ಹೇಳಿದರೆ ಕನ್ನಡದ ಒಳಗಿನಿಂದಲೇ ಅದು ಅರ್ಥವಾಗುತ್ತದೆ.

6. ನೆರೆಯ ಮತ್ತು ದೂರದ ಭಾಷೆಗಳು

ತಮಿಳು ಕನ್ನಡದ ಹಾದಿಯಲ್ಲಿಯೇ ಇದೆ: ‘ವರುಂ ವರೈ’ ಎಂದರೆ ಬರುವವರೆಗೆ, ‘ಇರುಕ್ಕುಂ ವರೈ’ ಎಂದರೆ ಇರುವವರೆಗೆ. ತೆಲುಗು ಸ್ಥಿತಿಯ ಕಡೆ ಪರಿಮಾಣವಾಚಕವೊಂದನ್ನು ಸೇರಿಸುತ್ತದೆ: ‘ವಚ್ಚೇ ವರಕು’ ಎಂಬುದಕ್ಕೆ ಎದುರಾಗಿ ‘ಉನ್ನಂತ ವರಕು’. ಆ ‘ಅಂತ’ ಕನ್ನಡದ ‘ಅಷ್ಟು’ವಿಗೆ ಸಮಾನ. ಹೀಗಾಗಿ ಇಲ್ಲಿ ಹೇಳುತ್ತಿರುವುದು ಕನ್ನಡವೊಂದರ ವಿಚಿತ್ರವಲ್ಲ. ದ್ರಾವಿಡ ಭಾಷೆಗಳ ಶಾಲೆಗಳಿಗೆ ಸಾಮಾನ್ಯವಾಗಿ ಸಂಬಂಧಿಸಿದ್ದು.

ಹಿಂದಿ ಬೇರೆ ದಾರಿ ಹಿಡಿಯುತ್ತದೆ. ‘ಜಬ್ ತಕ್ ಪಾನೀ ಆತಾ ಹೈ’ ಎಂದರೆ ನೀರು ಬರುವಷ್ಟು ಹೊತ್ತು. ‘ಜಬ್ ತಕ್ ಪಾನೀ ನಹೀಂ ಆತಾ’ ಎಂದರೆ ನೀರು ಬರುವ ತನಕ. ಇಲ್ಲಿ ‘ಜಬ್ ತಕ್’ ಯಾವಾಗಲೂ ಮುಂದುವರಿಸುವ ಷರತ್ತು. ‘ಅಂಟಿಲ್’ ಬೇಕಾದರೆ ನಿಷೇಧ ಸೇರುತ್ತದೆ. ‘ಅಂಟಿಲ್’ ಎಂದರೆ ‘ವೈಲ್ ನಾಟ್’ ಎಂಬ ತಾರ್ಕಿಕ ಸಮೀಕರಣ ಹಿಂದಿಯ ವಾಕ್ಯರಚನೆಯಲ್ಲಿ ಬಹಿರಂಗವಾಗಿದೆ. ಹಿಂದಿ ಮಾಧ್ಯಮದ ವಿದ್ಯಾರ್ಥಿಗೆ ದಿಕ್ಕಿನ ತಪ್ಪು ಕಡಮೆ ಇರಬೇಕೆಂಬುದು ಇದರಿಂದ ಹೊರಡುವ, ಪರೀಕ್ಷಿಸಬಹುದಾದ ಊಹೆ.

ಜಪಾನೀ ಭಾಷೆ ಕನ್ನಡದಂತೆ ಕ್ರಿಯಾಪದವನ್ನು ಕೊನೆಯಲ್ಲಿಡುತ್ತದೆ. ಅಲ್ಲಿನ ವಿಶ್ವವಿದ್ಯಾಲಯ ಪ್ರವೇಶದ ರಾಷ್ಟ್ರೀಯ ಪರೀಕ್ಷೆಗಳಿಗಾಗಿ ರೂಪಿಸಿದ ‘ಡಿಎನ್‌ಸಿಎಲ್’ ಎಂಬ ಜಪಾನೀ ಪ್ರೋಗ್ರಾಮ್ ಸಂಕೇತನದಲ್ಲಿ ಎರಡು ಲೂಪ್‌ಗಳಿಗೆ ಎರಡು ಬೇರೆ ರಚನೆಗಳಿವೆ. ಒಂದರಲ್ಲಿ ಷರತ್ತಿನ ಮುಂದೆ ‘ನೊ ಐದಾ’, ಅಂದರೆ ‘-ದ ಅವಧಿಯಲ್ಲಿ’. ಇನ್ನೊಂದರಲ್ಲಿ ‘ನಿ ನರು ಮದೆ’, ಅಂದರೆ ‘ಆಗುವ ತನಕ’. ‘ನರು’ ಎಂಬುದು ‘ಆಗು’ ಎಂಬ ಧಾತು. ಪರೀಕ್ಷೆ ನಡೆಸುವವರು ಪರಿವರ್ತನೆಯ ಧಾತುವನ್ನು ರಚನೆಯ ಭಾಗವಾಗಿಯೇ ಗಟ್ಟಿಮಾಡಿ, ಆಯ್ಕೆಯನ್ನು ಓದುಗರ ಅಥವಾ ಶಿಕ್ಷಕರ ಅಭ್ಯಾಸಕ್ಕೆ ಬಿಟ್ಟಿಲ್ಲ. ಕನ್ನಡಕ್ಕೆ ಇದು ಹತ್ತಿರದ ಮಾದರಿ.

7. ತರಗತಿಗೆ ಏನು

ಕೀಲಿಪದಗಳನ್ನು ಕನ್ನಡಕ್ಕೆ ತರಬೇಕೆಂಬುದು ನಮ್ಮ ಸಲಹೆಯಲ್ಲ. ಅವು ಸಂಕೇತಗಳಾಗಿ ಉಳಿಯಬಹುದು. 2008ರಲ್ಲಿ ಬಂದ ಪೈಥಾನ್ 3ರಿಂದ ಚರಗಳಿಗೆ ಕನ್ನಡ ಲಿಪಿಯ ಹೆಸರುಗಳನ್ನಿಡುವುದೂ ಸಾಧ್ಯವಿರುವುದರಿಂದ ಮಿಶ್ರರೂಪಕ್ಕೆ ಅಡ್ಡಿಯಿಲ್ಲ. ನಮ್ಮ ಕಾಳಜಿ ವಿವರಣೆಯ ಕನ್ನಡದ್ದು. ಅದಕ್ಕೆ ಮೂರು ಸಲಹೆಗಳಿವೆ.

ಒಂದು, ‘ವೈಲ್’ಗೆ ‘-ವರೆಗೆ’ಯನ್ನು ಬಳಸದಿರುವುದು. ‘ಇರುವಷ್ಟು ಹೊತ್ತು’ ಅಥವಾ ‘ಇರುವಷ್ಟು ಕಾಲ’ ಅದರ ಕೆಲಸವನ್ನು ನಿಸ್ಸಂದಿಗ್ಧವಾಗಿ ಮಾಡುತ್ತದೆ: ‘ಎಣಿಕೆ ಐದಕ್ಕಿಂತ ಕಡಿಮೆ ಇರುವಷ್ಟು ಹೊತ್ತು’. ಇಲ್ಲಿ ‘ಅಷ್ಟು ಹೊತ್ತು’ ಮಾತ್ರ ಸಾಲದು, ‘ಇರು’ ಕಡ್ಡಾಯ. ಏಕೆಂದರೆ ‘ಅನ್ನ ಬೇಯುವಷ್ಟು ಹೊತ್ತು ಕಾಯಿ’ ಎಂಬಲ್ಲಿ ಬೇಯಲು ಬೇಕಾದ ಕಾಲ ಎಂಬ ಅರ್ಥ ಬಂದು, ಫಲಿತಾಂಶ ಮತ್ತೆ ‘ಬೇಯುವ ತನಕ’ ಎಂದೇ ಆಗುತ್ತದೆ.

ಎರಡು, ‘ಅಂಟಿಲ್’ಗೆ ‘ಆಗುವ ತನಕ’ ಅಥವಾ ‘ಆಗುವವರೆಗೆ’ ಎಂಬುದನ್ನು ಒಂದು ಘಟಕವಾಗಿ ಮೀಸಲಿಡುವುದು. ಸ್ಕ್ರ್ಯಾಚ್‌ನಿಂದ ಪೈಥಾನ್‌ಗೆ ದಾಟುವಾಗ ‘ಆಗುವ ತನಕ’ವನ್ನು ‘ಇರುವಷ್ಟು ಹೊತ್ತು’ ಆಗಿ ಬದಲಿಸುವ ಅಭ್ಯಾಸ ಕೊಟ್ಟರೆ, ಷರತ್ತು ತಿರುಗುವುದು ವಿದ್ಯಾರ್ಥಿಗೆ ಕಣ್ಣಿಗೇ ಕಾಣುತ್ತದೆ: ‘ಊಹೆ ಗುಟ್ಟಿಗೆ ಸಮ ಆಗುವ ತನಕ’ ಎಂಬುದು ‘ಊಹೆ ಗುಟ್ಟಿಗಿಂತ ಬೇರೆ ಇರುವಷ್ಟು ಹೊತ್ತು’ ಎಂದಾಗುತ್ತದೆ. ‘ಸಮವಲ್ಲದಿರುವ’ ಎಂಬ ಬಿಗಿಯಾದ ನಿಷೇಧದ ಬದಲು ‘ಬೇರೆ’ ಎಂಬ ಸರಳ ಪದ ಸಾಕಾಗುತ್ತದೆ ಎಂಬುದನ್ನೂ ಗಮನಿಸಬಹುದು.

ಮೂರು, ‘ಎಲ್ಲಿಯವರೆಗೆ … ಓ ಅಲ್ಲಿಯವರೆಗೆ’ ಎಂಬ ಜೋಡಿರಚನೆಯನ್ನು ಷರತ್ತನ್ನು ಪರೀಕ್ಷಿಸಿ ನೋಡುವ ಉಪಕರಣವಾಗಿ ಬಳಸುವುದು. ಈ ರಚನೆ ಪೂರ್ಣವಾಕ್ಯವನ್ನು ಹಾಗೆಯೇ ಒಳಗೊಳ್ಳುತ್ತದೆ. ಕೃದಂತ ಬೇಡ, ಆದ್ದರಿಂದ ಹೊಸ ಧಾತುವೂ ಬೇಡ:

(13) ಎಲ್ಲಿಯವರೆಗೆ ಎಣಿಕೆ ಐದಕ್ಕಿಂತ ಕಡಿಮೆಯೋ ಅಲ್ಲಿಯವರೆಗೆ ಇದನ್ನು ಮಾಡು.
(14) ಎಲ್ಲಿಯವರೆಗೆ ನೀರು ಬರುವುದಿಲ್ಲವೋ ಅಲ್ಲಿಯವರೆಗೆ ಕಾಯಿ.

(13) ಪ್ರೋಗ್ರಾಮಿನ ಷರತ್ತನ್ನು ಕ್ರಿಯಾಪದವಿಲ್ಲದೆ ಯಥಾವತ್ತಾಗಿ ಹೊತ್ತಿದೆ. (14)ರಲ್ಲಿ (1)ರ ಅರ್ಥವನ್ನು ಪಡೆಯಲು, ಹಿಂದಿಯಲ್ಲಿರುವಂತೆ, ನಿಷೇಧ ಬೇಕಾಯಿತು. ಅಂದರೆ ಈ ರಚನೆಯೊಳಗಿನ ವಾಕ್ಯ ಮುಂದುವರಿಸುವ ಷರತ್ತಾಗಿಯೇ ಓದಿಸಿಕೊಳ್ಳುತ್ತದೆ. ಅದು ‘ವೈಲ್’ನ ನಿಖರ ಪ್ರತಿರೂಪ. ದಿನದ ಮಾತಿಗೆ ಇದು ಭಾರವಾದರೂ, ಬರೆದ ಷರತ್ತು ಸರಿಯೇ ಎಂದು ತಾಳೆ ನೋಡಲು ಅನುಕೂಲ. (11)ನ್ನು ಬರೆದ ವಿದ್ಯಾರ್ಥಿ ‘ಎಲ್ಲಿಯವರೆಗೆ ಊಹೆ ಗುಟ್ಟಿಗೆ ಸಮವೋ ಅಲ್ಲಿಯವರೆಗೆ ಕೇಳು’ ಎಂದು ಓದಿಕೊಂಡರೆ ತಪ್ಪು ತಾನಾಗಿಯೇ ಹೊರಬೀಳುತ್ತದೆ.

ಲೂಪ್ ಒಂದೇ ಇಂಥ ಜಾಗವಲ್ಲ. ‘ಗಣಿತದಲ್ಲೂ ವಿಜ್ಞಾನದಲ್ಲೂ ಪಾಸಾಗದಿದ್ದರೆ’ ಎಂಬಲ್ಲಿ ‘-ಊ’ ನಿಷೇಧದ ವ್ಯಾಪ್ತಿಯ ಹೊರಗೆ ನಿಂತು, ಎರಡರಲ್ಲೂ ನಪಾಸಾದವರನ್ನು ಮಾತ್ರ ಸೂಚಿಸುತ್ತದೆ. ಪ್ರೋಗ್ರಾಮಿನಲ್ಲಿ ‘ನಾಟ್’ನ ಮುಂದೆ ಆವರಣದೊಳಗೆ ‘ಆ್ಯಂಡ್’ ಬಂದರೆ ಒಂದರಲ್ಲಿ ನಪಾಸಾದವರೂ ಸೇರುತ್ತಾರೆ. ಇದಕ್ಕೆ ಪ್ರತ್ಯೇಕ ಅಧ್ಯಯನವೇ ಬೇಕು. ಇದಕ್ಕೆ ಪ್ರತಿಯಾಗಿ ‘-ರೆ’ ಮತ್ತು ‘ಇಲ್ಲದಿದ್ದರೆ’ಗಳ ಜೋಡಿ ‘ಇಫ್’ ಮತ್ತು ‘ಎಲ್ಸ್’ಗಳ ಕ್ರಮಕ್ಕೆ ಸೊಗಸಾಗಿ ಹೊಂದುತ್ತದೆ, ಅಲ್ಲಿ ಶಿಕ್ಷಕರು ಹೆಚ್ಚು ಶ್ರಮಿಸಬೇಕಾಗಿಲ್ಲ.

8. ಉಪಸಂಹಾರ

ನಮ್ಮ ವಾದ ಪರೀಕ್ಷೆಗೆ ಒಳಪಡಬಲ್ಲದು. ಒಂದೇ ಲೂಪನ್ನು ‘ಇರುವವರೆಗೆ’, ‘ಆಗುವವರೆಗೆ’, ‘ಇರುವಷ್ಟು ಹೊತ್ತು’ ಹಾಗೂ ಜೋಡಿರಚನೆ ಎಂಬ ನಾಲ್ಕು ವಿವರಣೆಗಳೊಡನೆ ನಾಲ್ಕು ಗುಂಪುಗಳಿಗೆ ಕೊಟ್ಟು, ದಿಕ್ಕಿನ ತಪ್ಪನ್ನೂ ಸಮಯದ ತಪ್ಪನ್ನೂ ಬೇರೆ ಬೇರೆಯಾಗಿ ಎಣಿಸಿದರೆ ಸಾಕು. ನಮ್ಮ ವಿಶ್ಲೇಷಣೆ ಸರಿಯಾದರೆ ಮೊದಲನೆಯದು ಗುಂಪಿನಿಂದ ಗುಂಪಿಗೆ ಬದಲಾಗಬೇಕು, ಎರಡನೆಯದು ಬದಲಾಗಬಾರದು. ಹಿಂದಿ ಮತ್ತು ತಮಿಳು ಮಾಧ್ಯಮದ ಶಾಲೆಗಳನ್ನು ಸೇರಿಸಿಕೊಂಡರೆ ಫಲಿತಾಂಶ ಇನ್ನೂ ಗಟ್ಟಿಯಾಗುತ್ತದೆ. ಈ ಕೆಲಸಕ್ಕೆ ದೊಡ್ಡ ಪ್ರಯೋಗಾಲಯ ಬೇಡ. ಶಿಕ್ಷಕರೊಡನೆ ಕುಳಿತು ಕೆಲಸ ಮಾಡುವ ಸಂಶೋಧನಾ ವಿದ್ಯಾರ್ಥಿ ಬೇಕು.

ಪಾರಿಭಾಷಿಕ ಪದಗಳನ್ನು ರೂಪಿಸುವ ನಮ್ಮ ಪ್ರಯತ್ನಗಳು ಬಹುಮಟ್ಟಿಗೆ ನಾಮಪದಗಳ ಸುತ್ತ ನಡೆದಿವೆ: ಗಣಕ, ದತ್ತಾಂಶ, ತಂತ್ರಾಂಶ. ಈ ಪದಗಳ ಬದಲು ಇಂಗ್ಲಿಷ್ ಪದ ಬಂದರೂ ಮಗುವಿನ ಗ್ರಹಿಕೆಗೆ ಹೆಚ್ಚಿನ ಹಾನಿಯಿಲ್ಲ. ‘-ವರೆಗೆ’, ‘-ರೆ’, ‘-ಊ’, ‘ಇರು’, ‘ಆಗು’ಗಳಂಥ ಚಿಕ್ಕ ರೂಪಗಳು ಪದಕೋಶಗಳಲ್ಲಿ ಪಾರಿಭಾಷಿಕವೆಂದು ಎಣಿಕೆಗೆ ಬರುವುದಿಲ್ಲ, ಕ್ರಮವಿಧಿಯೊಂದರ ಅರ್ಥ ನಿಂತಿರುವುದು ಮಾತ್ರ ಅವುಗಳ ಮೇಲೆಯೇ. ಕನ್ನಡದಲ್ಲಿ ವಿಜ್ಞಾನ ಕಲಿಸಲು ಪದಗಳ ಕೊರತೆಯಿದೆ ಎಂಬ ಮಾತು ಪದೇ ಪದೇ ಕೇಳಿಬರುತ್ತದೆ. ಈ ಲೇಖನದಲ್ಲಿ ಕಂಡ ತೊಡಕಿನ ಮಟ್ಟಿಗಾದರೂ ಕೊರತೆ ಪದಗಳದಲ್ಲ. ನಮ್ಮಲ್ಲಿ ಇರುವ ರೂಪಗಳ ವ್ಯಾಕರಣವನ್ನು ಪಠ್ಯ ಬರೆಯುವವರ ಕೈಗೆ ತಲುಪಿಸದಿರುವುದೇ ಕೊರತೆ. ಅದನ್ನು ತುಂಬುವ ಹೊಣೆ ಭಾಷಾವಿಜ್ಞಾನಿಗಳಾದ ನಮ್ಮದು.